ಕಾರಿನ ಮುಂಭಾಗವನ್ನು ಮನೆಯಲ್ಲೇ ಬಿಚ್ಚುವವರಿಗೆ

ನರಸಾಪುರದ ಸುತ್ತ ಓಡಾಡುವ ಕಾರುಗಳಿಗೆ ಮುಂದಿನ ಚಕ್ರದ ಕೆಲಸ ಬೇಗ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರಕ್ಕೋ ಬೆಂಗಳೂರಿಗೋ ಹೋಗುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದರೆ ಹಂಪು, ಗುಂಡಿ, ಟಿಪ್ಪರಿನಿಂದ ಉದುರಿದ ಜಲ್ಲಿ. 2013ರಲ್ಲಿ ಇಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು; ಒಂದೊಂದಾಗಿ ಬಂದ ಕಾರ್ಖಾನೆಗಳ ಜೊತೆ ಭಾರೀ ಲಾರಿಗಳೂ ಬಂದವು. ನಾನು ಗ್ಯಾರೇಜು ಇಟ್ಟವನಲ್ಲ. ನಮ್ಮ ಮನೆಯ, ನೆಂಟರ, ಅಕ್ಕಪಕ್ಕದವರ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ಗಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ರಿಪೇರಿ ಮಾಡುತ್ತ ಬಂದವನು. ಹಾಗೆ ಕಲಿತದ್ದು ಇದು.

1. ಶಬ್ದ ಕೇಳಿದ ತಕ್ಷಣ ಪಾರ್ಟ್ ತರಲು ಹೋಗಬೇಡಿ

"ಅಣ್ಣಾ, ಬಲಗಡೆ ಟಕ್ ಟಕ್ ಅಂತೈತೆ, ಶಾಕ್ ಹೋಗೈತೆ ಅನ್ಸುತ್ತೆ" ಅಂತ ಬರುವವರೇ ಹೆಚ್ಚು. ನೋಡಿದರೆ ಶಾಕ್ ಚೆನ್ನಾಗಿಯೇ ಇರುತ್ತದೆ. ಸವೆದಿರುವುದು ಸ್ಟೆಬಿಲೈಸರಿನ ಲಿಂಕ್ ರಾಡೋ ಲೋಯರ್ ಆರ್ಮಿನ ಬುಷ್ಷೋ ಆಗಿರುತ್ತದೆ. ಶಾಕಿನ ಬೆಲೆಗೆ ಹೋಲಿಸಿದರೆ ಇವುಗಳದ್ದು ತೀರಾ ಕಡಿಮೆ. ಮನೆಯಲ್ಲಿ ಕೆಲಸ ಮಾಡುವವರ ದುಡ್ಡು ಹೆಚ್ಚಾಗಿ ಪೋಲಾಗುವುದು ಇಲ್ಲೇ, ಚೆನ್ನಾಗಿರುವುದನ್ನು ಬದಲಾಯಿಸುವುದರಲ್ಲಿ.

ಚಕ್ರ ಎತ್ತಿ, ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಆಟ ಸಿಕ್ಕಿದರೆ ಬೇರೆಯವರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ತುಳಿದಾಗ ಆಟ ನಿಂತರೆ ವೀಲ್ ಬೇರಿಂಗ್ ಹೋಗಿದೆ. ಆಗಲೂ ಉಳಿದರೆ ಬಾಲ್ ಜಾಯಿಂಟ್ ನೋಡಿ. ಆಮೇಲೆ ಎಡಕ್ಕೆ ಬಲಕ್ಕೆ ಹಿಡಿದು ಅಲುಗಾಡಿಸಿ. ಅಲ್ಲಿ ಆಟವಿದ್ದರೆ ಟೈ ರಾಡ್ ಎಂಡ್ ಅಥವಾ ಒಳಗಿನ ರ‍್ಯಾಕ್ ಎಂಡ್. ಒಬ್ಬರು ಚಕ್ರ ಆಡಿಸುತ್ತಿರುವಾಗ ನೀವು ಜಾಯಿಂಟಿನ ಮೇಲೆ ಬೆರಳಿಡಿ. ಸವೆದ ಜಾಯಿಂಟು ಬೆರಳಿಗೆ ಸ್ಪಷ್ಟವಾಗಿ ತಟ್ಟುತ್ತದೆ, ಕಣ್ಣಿಗೆ ಕಾಣದಿದ್ದರೂ. ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗ್ 'ಟಂಗ್' ಎಂದು ಹಾರಿದರೆ ಶಾಕಿನ ಮೇಲಿನ ಮೌಂಟ್ ಹಿಡಿದುಕೊಂಡಿದೆ. ಪೂರ್ತಿ ತಿರುಗಿಸಿ ಮುಂದಕ್ಕೆ ಹೋಗುವಾಗ ಕಟಕಟ ಅಂದರೆ ಆ್ಯಕ್ಸಲಿನ ಹೊರಗಿನ ಜಾಯಿಂಟು.

2. ಜಾಕ್ ಇರುವುದು ಎತ್ತಲಿಕ್ಕೆ ಮಾತ್ರ

ಇದರಲ್ಲಿ ರಾಜಿಯೇ ಬೇಡ. ಕಾರಿನ ಜೊತೆ ಬರುವ ಜಾಕ್ ಪಂಕ್ಚರ್ ಆದಾಗ ಚಕ್ರ ಬದಲಾಯಿಸಲು ಕೊಟ್ಟದ್ದು. ಅದರ ನಂಬಿಕೆಯ ಮೇಲೆ ಕಾರಿನ ಕೆಳಗೆ ತಲೆ ಹಾಕಬಾರದು. ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಇಡಿ, ಬಿಚ್ಚಿದ ಚಕ್ರವನ್ನೂ ಬಾಡಿಯ ಕೆಳಗೆ ತಳ್ಳಿಡಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ನಮ್ಮೂರ ಅಂಗಳಗಳು ಕೆಂಪುಮಣ್ಣಿನವು, ಮಳೆ ಬಿದ್ದರೆ ಸ್ಟ್ಯಾಂಡಿನ ಕಾಲು ಇಳಿಯುತ್ತದೆ; ಅಡಿಯಲ್ಲಿ ದಪ್ಪ ಹಲಗೆ ಹಾಕಿ. ಸ್ಟ್ಯಾಂಡಿಲ್ಲ ಅಂತ ಸಿಮೆಂಟ್ ಇಟ್ಟಿಗೆ ಇಡುವವರನ್ನು ನೋಡಿದ್ದೇನೆ. ಟೊಳ್ಳು ಬ್ಲಾಕು ಒಂದೇ ಕಡೆ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಕೊಳ್ಳುವವರೆಗೆ ಈ ಕೆಲಸಕ್ಕೆ ಕೈಹಾಕಬೇಡಿ.

3. ಹಿಂದಿನ ಸಂಜೆಯೇ ಎಣ್ಣೆ

ಬಿಚ್ಚಬೇಕಾದ ನಟ್ಟು ಬೋಲ್ಟುಗಳ ಮಣ್ಣನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಚಕ್ರದ ನಟ್ಟು, ಆ್ಯಕ್ಸಲ್ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಿ.

4. ಟೈ ರಾಡ್ ಎಂಡ್ ಬಿಡಿಸುವ ಪೆಟ್ಟು

ಟೈ ರಾಡ್ ಎಂಡಿನ ಕಡ್ಡಿ ಟೇಪರ್ ಆಗಿರುತ್ತದೆ, ಸ್ಟೇರಿಂಗ್ ನಕಲ್ಲಿನ ತೋಳಿನಲ್ಲಿ ಬೆಣೆಯ ಹಾಗೆ ಕಚ್ಚಿಕೊಂಡಿರುತ್ತದೆ. ಸ್ಪ್ಲಿಟ್ ಪಿನ್ ತೆಗೆಯಿರಿ. ನಟ್ಟನ್ನು ಪೂರ್ತಿ ಬಿಚ್ಚದೆ ಮರೆಯ (ಥ್ರೆಡ್ಡಿನ) ತುದಿಗೆ ಸಮನಾಗಿ ನಿಲ್ಲಿಸಿ. ಕಡ್ಡಿಯ ತಲೆಗೆ ಹೊಡೆದರೆ ಮರೆ ಚಪ್ಪಟೆಯಾಗುತ್ತದೆ, ಕಡ್ಡಿ ಮಾತ್ರ ಅಲ್ಲಾಡುವುದಿಲ್ಲ. ಹೊಡೆಯಬೇಕಾದ್ದು ಕಡ್ಡಿ ಕೂತಿರುವ ತೋಳಿನ ಕಣ್ಣಿನ ಪಕ್ಕಕ್ಕೆ, ಅಡ್ಡವಾಗಿ. ಆಚೆ ಬದಿಗೆ ಒಂದು ಭಾರದ ಸುತ್ತಿಗೆ ಒತ್ತಿ ಹಿಡಿದು ಈಚೆಯಿಂದ ಇನ್ನೊಂದರಲ್ಲಿ ಜೋರಾಗಿ ಕೊಡಿ. ಕಣ್ಣು ಒಂದು ಕ್ಷಣ ಅದುರಿ ಹಿಡಿತ ಬಿಡುತ್ತದೆ, ಕಡ್ಡಿ 'ಟಪ್' ಎಂದು ಇಳಿದು ನಟ್ಟಿನ ಮೇಲೆ ನಿಲ್ಲುತ್ತದೆ. ಪೆಟ್ಟು ರಬ್ಬರಿಗೂ ಬ್ರೇಕ್ ಹೋಸಿಗೂ ತಾಗದಿರಲಿ.

ಹಳೆಯದನ್ನು ತಿರುಗಿಸಿ ತೆಗೆಯುವ ಮುಂಚೆ ಲಾಕ್ ನಟ್ಟಿನ ಜಾಗಕ್ಕೆ ಬಣ್ಣದ ಗುರುತು ಹಾಕಿ, ಎಷ್ಟು ಸುತ್ತಿಗೆ ಹೊರಬಂತು ಎಣಿಸಿ ಬರೆದಿಟ್ಟುಕೊಳ್ಳಿ. ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಅಲೈನ್‌ಮೆಂಟಿಗೆ ಹೋಗುವವರೆಗೆ ಕಾರು ನೇರ ಓಡುತ್ತದೆ.

5. ಬಾಲ್ ಜಾಯಿಂಟಿನ ಬೋಲ್ಟನ್ನು ಪೂರ್ತಿ ಎಳೆಯಿರಿ

ಮಾರುತಿಯ ಹಲವು ಚಿಕ್ಕ ಕಾರುಗಳಲ್ಲಿ ಲೋಯರ್ ಆರ್ಮಿನ ಬಾಲ್ ಜಾಯಿಂಟು ಟೇಪರ್ ಅಲ್ಲ. ಸೀಳಿರುವ ನಕಲ್ಲಿನೊಳಗೆ ಕಡ್ಡಿ ಕೂತು, ಅಡ್ಡ ಬೋಲ್ಟು ಅದನ್ನು ಬಿಗಿಹಿಡಿದಿರುತ್ತದೆ. ಕಡ್ಡಿಗೆ ಒಂದು ತೋಡು ಇದ್ದು ಬೋಲ್ಟು ಅದರೊಳಗಿಂದಲೇ ಹಾಯುತ್ತದೆ. ಹಾಗಾಗಿ ಬೋಲ್ಟು ಸಡಿಲ ಮಾಡಿದರೆ ಸಾಲದು, ಹೊರಗೆ ತೆಗೆಯಲೇಬೇಕು. ಸೀಳನ್ನು ಉಳಿಯಿಂದ ವಿಪರೀತ ಅಗಲಿಸಿದರೆ ನಕಲ್ ಬಿರುಕು ಬಿಡಬಹುದು. ಬ್ರೇಕ್ ಕ್ಯಾಲಿಪರ್ ಬಿಚ್ಚಿದ್ದರೆ ಬೈಂಡಿಂಗ್ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ, ಹೋಸಿನ ಮೇಲೆ ನೇತಾಡಬಾರದು.

6. ಹೊಸ ಬುಷ್ಷನ್ನು ನೆಲದ ಮೇಲೆ ಬಿಗಿ ಮಾಡಿ

ಇದನ್ನು ಗ್ಯಾರೇಜುಗಳಲ್ಲೂ ಎಷ್ಟೋ ಮಂದಿ ಮರೆಯುತ್ತಾರೆ. ಚಕ್ರ ತೂಗಾಡುತ್ತಿರುವಾಗ ಲೋಯರ್ ಆರ್ಮಿನ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಿದರೆ ರಬ್ಬರು ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಕಾರು ಇಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಕಾರು ಇಳಿಸಿ, ಮುಂಭಾಗವನ್ನು ನಾಲ್ಕೈದು ಸಲ ಒತ್ತಿ ಬಿಟ್ಟು, ಆಮೇಲೆ ಕೊನೆಯ ಬಿಗಿ ಕೊಡಿ. "ಹೊಸ ಬುಷ್ ಹಾಕಿದ್ದೆ, ಮತ್ತೆ ಹೋಯ್ತು" ಅನ್ನುವ ದೂರುಗಳಲ್ಲಿ ಎಷ್ಟೋ ಸಲ ತಪ್ಪು ರಬ್ಬರಿನದಲ್ಲ.

ಕೊನೆಯ ಬಿಗಿಗೆ ಟಾರ್ಕ್ ರೆಂಚ್ ಬೇಕು, ಅಳತೆ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಸ್ಪ್ಲಿಟ್ ಪಿನ್, ಸೆಲ್ಫ್ ಲಾಕ್ ನಟ್ಟು, ಆ್ಯಕ್ಸಲ್ ನಟ್ಟು ಪ್ರತಿ ಸಲವೂ ಹೊಸದು.

7. ಆ್ಯಕ್ಸಲಿನ ಬೂಟನ್ನು ಕಾಯಿರಿ

ರಿಮ್ಮಿನ ಒಳಗೆ ಗ್ರೀಸ್ ಚೆಲ್ಲಿದ್ದರೆ ಬೂಟ್ ಹರಿದಿದೆ ಎಂದೇ ಅರ್ಥ. ಶಬ್ದ ಇನ್ನೂ ಬಾರದಿದ್ದರೆ ಜಾಯಿಂಟನ್ನು ಪೂರ್ತಿ ತೊಳೆದು, ಬೂಟ್ ಕಿಟ್ಟಿನ ಜೊತೆ ಕೊಡುವ ಕಪ್ಪು ಗ್ರೀಸನ್ನೇ ತುಂಬಿ ಉಳಿಸಿಕೊಳ್ಳಬಹುದು. ಕಟಕಟ ಶುರುವಾದ ಮೇಲೆ ಬರೀ ಬೂಟ್ ಹಾಕುವುದು ದಂಡ. ಆ್ಯಕ್ಸಲ್ ಎಳೆಯುವುದಾದರೆ ಮೊದಲು ಗೇರ್ ಆಯಿಲ್ ಇಳಿಸಿ, ಗೇರ್‌ಬಾಕ್ಸಿನ ಆಯಿಲ್ ಸೀಲನ್ನೂ ಆಗಲೇ ಬದಲಾಯಿಸಿಬಿಡಿ.

8. ಹೊರಗೆ ಕೊಡಬೇಕಾದ್ದನ್ನು ಹೊರಗೆ ಕೊಡಿ

ವೀಲ್ ಬೇರಿಂಗ್ ಕೂರಿಸಲು ಪ್ರೆಸ್ ಬೇಕು. ಸುತ್ತಿಗೆಯಲ್ಲಿ ಕೂರಿಸಿದ ಬೇರಿಂಗು ಬೇಗ ಊಳಿಡುತ್ತದೆ. ನಕಲ್ ಬಿಚ್ಚಿ ಕೋಲಾರಕ್ಕೋ ಹೊಸಕೋಟೆಗೋ ಒಯ್ದು ಪ್ರೆಸ್ ಮಾಡಿಸಿ ತನ್ನಿ. ಸರಿಯಾದ ಕಂಪ್ರೆಸರ್ ಇಲ್ಲದೆ ಶಾಕಿನ ಸ್ಪ್ರಿಂಗ್ ಬಿಚ್ಚುವುದು ಪ್ರಾಣಾಪಾಯ. ವೀಲ್ ಅಲೈನ್‌ಮೆಂಟ್ ಮನೆಯಲ್ಲಿ ಆಗದ ಕೆಲಸ; ಮಾಡಿಸದಿದ್ದರೆ ಹೊಸ ಟೈರೂ ಒಂದು ಅಂಚಿನಲ್ಲಿ ಬೋಳಾಗುತ್ತದೆ. ಪಾರ್ಟುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೆಯ ಪಾರ್ಟನ್ನು ಜೊತೆಗೊಯ್ದು ಪಕ್ಕದಲ್ಲಿಟ್ಟು ಹೋಲಿಸಿ, ಬಿಲ್ ಕೇಳಿ ತೆಗೆದುಕೊಳ್ಳಿ. ಕಂಪನಿಯ ಡಬ್ಬಿಯಲ್ಲಿ ನಕಲಿ ಮಾಲು ಬರುವುದುಂಟು.

ಸವೆದ ಬುಷ್ಷು ಹೆಚ್ಚಾಗಿ ಶಬ್ದ ಮಾಡಿ ಕಾಟ ಕೊಡುತ್ತದೆ. ಸವೆದ ಬಾಲ್ ಜಾಯಿಂಟು ಕಳಚಿದರೆ ಓಡುತ್ತಿರುವ ಕಾರಿನ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ನೀವೇ ರಿಪೇರಿ ಮಾಡಿ ಅಥವಾ ಗ್ಯಾರೇಜಿಗೆ ಬಿಡಿ, ಈ ಭಾನುವಾರ ಒಮ್ಮೆ ಮುಂದಿನ ಎರಡೂ ಚಕ್ರ ಎತ್ತಿ ಅಲುಗಾಡಿಸಿ ನೋಡಿ. ಬಾಲ್ ಜಾಯಿಂಟಿನಲ್ಲಿ ಆಟ ಸಿಕ್ಕಿದರೆ ಅದನ್ನು ಬದಲಾಯಿಸುವವರೆಗೆ ಕಾರನ್ನು ಹೆದ್ದಾರಿಗೆ ಇಳಿಸಬೇಡಿ.