ಮಗುವಿನ ಕೆಲಸದ ಕೆಳಗೆ ಮಗುವಿನ ಹೆಸರು



ದೊಡ್ಡಗದ್ದವಳ್ಳಿಯ ಕೆರೆ ಪಕ್ಕದ ಲಕ್ಷ್ಮೀದೇವಿ ದೇವಸ್ಥಾನವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಸುಮಾರು 1113ರಲ್ಲಿ, ಬೇಲೂರಿನ ದೇವಸ್ಥಾನಕ್ಕಿಂತ ಮೊದಲೇ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಇದನ್ನು ಕಟ್ಟಿಸಿದರು. ಇದಕ್ಕೆ ಬಳಸಿದ್ದು ಬಳಪದ ಕಲ್ಲು. ನಾವು ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪ ಕೂಡ ಇದೇ ಜಾತಿಯ ಕಲ್ಲು. ನೆಲದಿಂದ ಎತ್ತಿದಾಗ ಮೆದುವಾಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗ್ತಾ ಹೋಗುತ್ತೆ. ಅದಕ್ಕೇ ಹೊಯ್ಸಳರ ಕಾಲದ ಶಿಲ್ಪಿಗಳು ಅಷ್ಟು ಸಣ್ಣ ಕೆಲಸವನ್ನೂ ಅದರಲ್ಲಿ ಮಾಡೋಕೆ ಆಯ್ತು.

ಆ ಶಿಲ್ಪಿಗಳ ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಅವರಲ್ಲಿ ಅನೇಕರು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದರೆ, 1246ರ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲಿ ದಕ್ಷಿಣದ ಕಡೆ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಒಂದೇ ಗುಡಿಗೆ ಇಬ್ಬರ ಕೈ. ಇದು ನನ್ನದು, ಅದು ಅವನದು ಅಂತ ಇವತ್ತಿಗೂ ಓದಬಹುದು. ಮಲ್ಲಿತಮ್ಮನ ಹೆಸರು 1258ರ ಸೋಮನಾಥಪುರದಲ್ಲೂ ಸಿಗುತ್ತೆ.

ಈಗ ನಮ್ಮ ಮನೆಗೆ ಬನ್ನಿ. ಶಾಲೆಯಿಂದ ಮಗು ಮಾದರಿ ಮಾಡಿಕೊಂಡು ಬಾ ಅಂತ ಹೇಳಿಸಿಕೊಂಡು ಬರುತ್ತೆ. ರಾತ್ರಿ ಅಪ್ಪ ಥರ್ಮೋಕೋಲ್ ಕತ್ತರಿಸ್ತಾರೆ, ಅಮ್ಮ ಬಣ್ಣ ಹಚ್ಚುತ್ತಾರೆ, ಮಗು ನಿದ್ದೆ ಮಾಡುತ್ತೆ. ಬೆಳಿಗ್ಗೆ ಅದರ ಮೇಲೆ ಮಗುವಿನ ಹೆಸರಿನ ಚೀಟಿ! ಬಹುಮಾನವೂ ಬರಬಹುದು. ಆದರೆ ಅದು ಯಾರ ಕೆಲಸ ಅನ್ನೋದು ಮಗುವಿಗೆ ಗೊತ್ತು.

ತಪ್ಪು ಬೇರೆಯವರದು ಮಾತ್ರ ಅಂತ ಹೇಳ್ತಿಲ್ಲ. ಒಮ್ಮೆ ನನ್ನ ತಂಗಿ ಮಗಳು ಕೆರೆ ಮಣ್ಣಿನಲ್ಲಿ ಹಸು ಮಾಡಿ ತಂದಳು. ಹೊಟ್ಟೆ ಡೊಳ್ಳಿನಂತೆ ಊದಿತ್ತು. ನಾನು ಜೋರಾಗಿ ನಕ್ಕು, "ಇದೇನೇ, ಹಸುವೋ ಕುಂಬಳಕಾಯಿಯೋ?" ಅಂದುಬಿಟ್ಟೆ. ಅವಳು ಅಲ್ಲೇ ಅದನ್ನು ಮುದ್ದೆ ಮಾಡಿ ಕೈ ತೊಳೆದುಕೊಂಡಳು. ರಾತ್ರಿ ಊಟಕ್ಕೆ ಕೂತಾಗ ತಲೆ ಎತ್ತದೆ ಹೇಳಿದಳು, "ಅದು ಗಬ್ಬದ ಹಸು ದೊಡ್ಡಮ್ಮ." ನಮ್ಮ ಕೊಟ್ಟಿಗೆಯ ಹಸುವನ್ನು ಅವಳು ನನಗಿಂತ ಚೆನ್ನಾಗಿ ನೋಡಿದ್ದಳು. ಆಮೇಲೆ ಬಹಳ ದಿನ ಅವಳು ಮಣ್ಣು ಮುಟ್ಟಲಿಲ್ಲ. ಕೇಳಬೇಕಾದ ಮಾತು "ಇದು ಏನು ಮಾಡ್ತಿದೆ, ಹೇಳು" ಅಂತ ಇತ್ತು. ನಾನು ಕೇಳಲಿಲ್ಲ.

ಪದ್ಯದ ವಿಷಯವೂ ಹೀಗೇ. ಪದ್ಯ ಅಂದರೆ ಬಾಯಿಪಾಠ ಮಾಡಿ ಒಪ್ಪಿಸೋದು ಅಂತ ನಾವು ತಿಳಿದಿದ್ದೇವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ ಕಲಿ' ಪದ್ಧತಿ ಇದನ್ನು ಬದಲಾಯಿಸಲು ನೋಡಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಅದನ್ನು ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಹಾಡು, ಕಾರ್ಡು, ಗೋಡೆಯ ಕೆಳಗೆ ಮಕ್ಕಳ ಕೈಗೆ ಎಟುಕುವ ಕಪ್ಪು ಹಲಗೆ. ತಲೆ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದದ್ದು, ಕತ್ತರಿಸಿದ್ದು ನೇತಾಡ್ತಿರುತ್ತೆ.

ಅಲ್ಲಿ ಅಕ್ಷರ ಕಲಿಸಿದ್ದು ಅ, ಆ, ಇ, ಈ ಕ್ರಮದಲ್ಲಿ ಅಲ್ಲ. ಮೊದಲು ರ, ಗ, ಸ, ದ, ಅ. ಯಾಕಂದ್ರೆ ಈ ಐದರಿಂದಲೇ ಮಗು ಪದ ಕಟ್ಟಬಹುದು: ಸರ, ದರ, ಅರಸ, ದಸರ, ಗರಗಸ. ಇನ್ನೂ ಒಂದು ಹೆಜ್ಜೆ ಹೋಗಿ ನೋಡಿ. "ಅರಸ ಸರಸರ, ಗರಗಸ ಗರಗರ." ನಾಲ್ಕೇ ಅಕ್ಷರದಲ್ಲಿ ಎರಡು ಸಾಲಿನ ಪದ್ಯ! ಅರ್ಥ ದೊಡ್ಡದೇನೂ ಇಲ್ಲ, ಆದರೆ ಮಗು ತಾನೇ ಕಟ್ಟಿದರೆ ಮನೆಯೆಲ್ಲ ಹೇಳಿಕೊಂಡು ಓಡಾಡುತ್ತೆ.

"ನಮಗೆ ಓದು ಬರಲ್ಲ, ನಾವೇನು ಕಲಿಸೋದು?" ಅಂತ ಕೆಲವು ತಾಯಂದಿರು ಕೇಳ್ತೀರಿ. ಒಗಟು ಬರುತ್ತಲ್ಲ? ಜೋಗುಳ, ರಾಗಿ ಬೀಸುವಾಗಿನ ಪದ ಅಜ್ಜಿಗೆ ನೆನಪಿರುತ್ತಲ್ಲ? ಅದರ ಧಾಟಿ ಕೊಡಿ, ಮಾತು ಮಗು ಹಾಕಲಿ. ತೆಂಗಿನ ಹಸಿ ಗರಿಯಲ್ಲಿ ಪೀಪಿ, ವಾಚು, ಗಿರಿಗಿಟ್ಲೆ ಮಾಡೋದು ಎಷ್ಟು ಮಕ್ಕಳಿಗೆ ಈಗ ಗೊತ್ತು? ಒಂದು ಸಲ ಮಾಡಿ ತೋರಿಸಿ, ಬಿಚ್ಚಿ ಅವರ ಕೈಗೆ ಕೊಡಿ. ಸರಿಯಾಗಲಿಲ್ಲ ಅಂತ ನೀವು ಕಿತ್ತುಕೊಂಡು ಮುಗಿಸಬೇಡಿ. ಇದೇ ಕಷ್ಟದ ಕೆಲಸ, ನಮ್ಮ ಕೈ ಸುಮ್ಮನಿರೋದಿಲ್ಲ.

ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ನಿಮ್ಮ ಮಗುವೇ ಮಾಡಿದ ಒಂದು ವಸ್ತು, ಇಲ್ಲವೇ ಮಗು ಕಟ್ಟಿದ ಎರಡು ಸಾಲು ತನ್ನಿ. ಸೊಟ್ಟಗಿದ್ದರೂ ಇರಲಿ. ಕೆಳಗೆ ಹೆಸರನ್ನು ಮಗುವೇ ಬರೆಯಲಿ. ಬರೆಯಲು ಬಾರದಿದ್ದರೆ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಲಿ. ಸಭೆ ನಡೆಯುವ ಕೋಣೆಯಲ್ಲಿ ದಾರ ಕಟ್ಟಿರುತ್ತೇವೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ತಮ್ಮದನ್ನು ಅವರೇ ನೇತುಹಾಕಲಿ.