ಹಲವು ಔಷಧಿಗಳನ್ನು ಸೇವಿಸುವವರು ತಿಳಿದಿರಬೇಕಾದ ವಿಷಯಗಳು

ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಕೀಲುನೋವು, ಥೈರಾಯ್ಡ್ ತೊಂದರೆ ಮುಂತಾದ ದೀರ್ಘಕಾಲದ ಕಾಯಿಲೆಗಳು ಒಬ್ಬರಲ್ಲಿಯೇ ಒಟ್ಟಾಗಿ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಳ್ಳೆಯ ಔಷಧಿಗಳಿವೆ. ಆದರೆ ಒಂದು ಔಷಧಿಯು ಇನ್ನೊಂದರ ಗುಣವನ್ನು ತಗ್ಗಿಸಬಹುದು, ಮಿತಿಮೀರಿ ಹೆಚ್ಚಿಸಬಹುದು, ಇಲ್ಲವೇ ಎರಡೂ ಸೇರಿ ಹೊಸ ಅಪಾಯವನ್ನು ತಂದೊಡ್ಡಬಹುದು. ಹರಿಹರದ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನೆಲೆಸಿದ್ದಾರೆ. ಔಷಧಿಗಳಿಗೆ ಇಂತಹ ಸಾಮರಸ್ಯವು ತಾನಾಗಿಯೇ ಬರುವುದಿಲ್ಲ. ಅದನ್ನು ನೋಡಿಕೊಳ್ಳಲು ವೈದ್ಯರು ಬೇಕು, ವೈದ್ಯರಿಗೆ ನಿಮ್ಮಿಂದ ಪೂರ್ಣ ಮಾಹಿತಿ ಬೇಕು.

ಒಂದು ಉದಾಹರಣೆ

ಹರಿಹರದಲ್ಲಿ ವಾಸಿಸುವ ಐವತ್ತೆಂಟು ವರ್ಷದ ಗೃಹಿಣಿಯೊಬ್ಬರಿದ್ದಾರೆಂದು ಭಾವಿಸಿರಿ. ರಕ್ತದೊತ್ತಡಕ್ಕಾಗಿ ಅವರು ತಮ್ಮ ಊರಿನಲ್ಲಿಯೇ ಪ್ರತಿ ತಿಂಗಳು ಎನಾಲಾಪ್ರಿಲ್ ಮಾತ್ರೆ ಪಡೆಯುತ್ತಾರೆ. ಕಾಲು ಬಾತುಕೊಂಡಾಗ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆಗೆ ಹೋಗಿ ಬೇರೊಬ್ಬ ವೈದ್ಯರಿಗೆ ತೋರಿಸಿ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ತರುತ್ತಾರೆ. ಮಂಡಿನೋವಿಗೆಂದು ಚೀಟಿಯಿಲ್ಲದೆ ಅಂಗಡಿಯಿಂದ ಡೈಕ್ಲೋಫೆನ್ಯಾಕ್ ತರಿಸಿ ದಿನವೂ ನುಂಗುತ್ತಾರೆ. ಇವರಲ್ಲಿ ಯಾರೂ ಕೆಟ್ಟ ಔಷಧಿ ಕೊಟ್ಟವರಲ್ಲ. ಆದರೆ ಮೂರನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ.

ಈಗ ಮೂತ್ರಪಿಂಡದಲ್ಲಿ ಏನು ನಡೆಯುತ್ತದೆಂಬುದನ್ನು ಗಮನಿಸಿರಿ. ಮೂತ್ರ ಹೆಚ್ಚಿಸುವ ಮಾತ್ರೆಯು ದೇಹದ ನೀರಿನಂಶವನ್ನು ಇಳಿಸುತ್ತದೆ. ನೋವಿನ ಮಾತ್ರೆಯು ಮೂತ್ರಪಿಂಡದ ಸೋಸುವ ಭಾಗಕ್ಕೆ ರಕ್ತ ತರುವ ಸಣ್ಣ ನಾಳವನ್ನು ಕುಗ್ಗಿಸುತ್ತದೆ. ಎನಾಲಾಪ್ರಿಲ್ ಅಲ್ಲಿಂದ ರಕ್ತ ಹೊರಹೋಗುವ ನಾಳವನ್ನು ಹಿಗ್ಗಿಸುತ್ತದೆ. ಹೀಗೆ ಮೂರು ಕಡೆಯಿಂದಲೂ ರಕ್ತವನ್ನು ಸೋಸಲು ಬೇಕಾದ ಒತ್ತಡವು ಕುಸಿಯುತ್ತದೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಅಥವಾ ವಾಂತಿಭೇದಿಯಾದಾಗ ನೀರಿನಂಶ ಮತ್ತಷ್ಟು ಇಳಿದು, ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ಮೂತ್ರ ಕಡಿಮೆಯಾಗುವುದು, ಮುಖ ಊದಿಕೊಳ್ಳುವುದು, ಮಂಪರು ಇವು ಅದರ ಲಕ್ಷಣಗಳು. ಎನಾಲಾಪ್ರಿಲ್ ಬದಲು ಟೆಲ್ಮಿಸಾರ್ಟಾನ್ ಸೇವಿಸುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ನೋವಿನ ಮಾತ್ರೆಯು ರಕ್ತದೊತ್ತಡವನ್ನೂ ಏರಿಸಬಲ್ಲದು.

ಗಮನಿಸಬೇಕಾದ ಇತರ ಜೋಡಿಗಳು

1. ಮಧುಮೇಹದ ಮಾತ್ರೆಗಳು: ಗ್ಲಿಬೆನ್‌ಕ್ಲಮೈಡ್ ಅಥವಾ ಗ್ಲಿಮೆಪಿರೈಡ್ ಸೇವಿಸುವವರು ಕೋಟ್ರೈಮೋಕ್ಸಜೋಲ್ ಇಲ್ಲವೇ ಶಿಲೀಂಧ್ರ ಸೋಂಕಿನ ಫ್ಲುಕೊನಜೋಲ್ ಮಾತ್ರೆಯನ್ನು ತೆಗೆದುಕೊಂಡರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯಬಹುದು. ಅಟೆನೊಲಾಲ್‌ನಂತಹ ಮಾತ್ರೆಗಳನ್ನೂ ಸೇವಿಸುತ್ತಿದ್ದರೆ ಎದೆಬಡಿತ, ನಡುಕ ಎಂಬ ಮುನ್ಸೂಚನೆಗಳು ಮರೆಯಾಗುತ್ತವೆ. ಬೆವರುವುದು ಮಾತ್ರ ಉಳಿಯಬಹುದು. ರೋಗಿಗೆ ಎಚ್ಚರವಿದ್ದರೆ ಕೂಡಲೇ ಮೂರು-ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿರಿ.

2. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು: ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾದವರು ಸೇವಿಸುವ ವಾರ್ಫರಿನ್ ಜೊತೆಗೆ, ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಅಥವಾ ನೋವಿನ ಮಾತ್ರೆ ಸೇರಿದರೆ ರಕ್ತಸ್ರಾವವಾಗಬಹುದು. ಕಪ್ಪು ಮಲ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡಬಾರದು.

3. ಕ್ಷಯರೋಗದ ಔಷಧಿ ಮತ್ತು ಕುಟುಂಬ ಯೋಜನೆ: ರಿಫಾಂಪಿಸಿನ್ ಔಷಧಿಯು ಯಕೃತ್ತನ್ನು ಪ್ರಚೋದಿಸಿ, ಮಾಲಾ-ಎನ್‌ನಂತಹ ಗರ್ಭನಿರೋಧಕ ಮಾತ್ರೆಗಳು ಬೇಗನೆ ಕರಗಿಹೋಗುವಂತೆ ಮಾಡುತ್ತದೆ. ಮಾತ್ರೆಯನ್ನು ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು. ಅಂತಹ ತಾಯಂದಿರು ಕಾಪರ್-ಟಿ (ವಂಕಿ) ಮುಂತಾದ ವಿಧಾನಗಳ ಬಗೆಗೆ ವೈದ್ಯರನ್ನು ವಿಚಾರಿಸತಕ್ಕದ್ದು. ರಿಫಾಂಪಿಸಿನ್ ಮಧುಮೇಹದ ಕೆಲವು ಮಾತ್ರೆಗಳ ಗುಣವನ್ನೂ ತಗ್ಗಿಸುತ್ತದೆ. ಆದರೂ ಕ್ಷಯದ ಚಿಕಿತ್ಸೆಯನ್ನು ಎಂದಿಗೂ ನಡುವೆ ನಿಲ್ಲಿಸಕೂಡದು.

4. ರಕ್ತದೊತ್ತಡ ಮತ್ತು ಗರ್ಭಧಾರಣೆ: ಎನಾಲಾಪ್ರಿಲ್, ಟೆಲ್ಮಿಸಾರ್ಟಾನ್ ಭ್ರೂಣಕ್ಕೆ ಹಾನಿಕರ. ಗರ್ಭವತಿಯಾಗಬಯಸುವವರು ಮೊದಲೇ ವೈದ್ಯರಿಗೆ ತಿಳಿಸಿ ಔಷಧಿ ಬದಲಾಯಿಸಿಕೊಳ್ಳಬೇಕು.

5. ಥೈರಾಯ್ಡ್ ಮಾತ್ರೆ: ಇದನ್ನು ಕಬ್ಬಿಣಾಂಶದ ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ನುಂಗಿದರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ನಡುವೆ ನಾಲ್ಕು ಗಂಟೆಗಳ ಅಂತರವಿರಲಿ.

6. ನಾಟಿ ಔಷಧಿಗಳು: ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. ಅತಿಮಧುರವನ್ನು ಹೆಚ್ಚು ದಿನ ಸೇವಿಸಿದರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಇಳಿಯುತ್ತದೆ. ಪುಡಿ, ಕಷಾಯಗಳನ್ನೂ ವೈದ್ಯರಿಂದ ಮುಚ್ಚಿಡಬಾರದು.

ನೀವು ಮಾಡಬೇಕಾದುದೇನು?

ಮನೆಯಲ್ಲಿ ಒಂದು ಬಟ್ಟೆಯ ಚೀಲವನ್ನು ಔಷಧಿಗಳಿಗೆಂದೇ ಇಡಿರಿ. ಸೇವಿಸುವ ಎಲ್ಲ ಮಾತ್ರೆ, ಪುಡಿ, ಔಷಧಿ ಚೀಟಿಗಳು ಅದರಲ್ಲಿರಲಿ. ಹರಿಹರದಲ್ಲಾಗಲಿ ದಾವಣಗೆರೆಯಲ್ಲಾಗಲಿ, ಯಾವ ವೈದ್ಯರ ಬಳಿಗೆ ಹೋದರೂ ಆ ಚೀಲವನ್ನು ಅವರ ಮೇಜಿನ ಮೇಲೆ ಇಡಿರಿ. ಔಷಧಿ ಅಂಗಡಿಯಲ್ಲಿಯೂ ನಿಮಗಿರುವ ಕಾಯಿಲೆಗಳನ್ನು ಹೇಳಿರಿ. ಹಾಳೆಯ ಮೇಲಿನ ಕಂಪನಿಯ ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಇರಬಹುದು. ತಿಳಿಯದೆ ಎರಡನ್ನೂ ನುಂಗಿ ಪ್ರಮಾಣ ಇಮ್ಮಡಿಯಾಗುವುದುಂಟು. ನೆರೆಯವರಿಗೆ ಗುಣವಾಯಿತೆಂದು ಅವರ ಮಾತ್ರೆಯನ್ನು ನೀವು ಸೇವಿಸಬೇಡಿರಿ. ವಾಂತಿಭೇದಿಯಾದಾಗ ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳ ಬಗೆಗೆ ಅದೇ ದಿನ ವೈದ್ಯರನ್ನು ಕೇಳಿರಿ. ಮೂತ್ರಪಿಂಡದ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ಕಾಲಕ್ಕೆ ಮಾಡಿಸಿರಿ.

ಇದನ್ನು ಓದಿ ಗಾಬರಿಗೊಂಡು ಯಾವ ಔಷಧಿಯನ್ನೂ ನೀವಾಗಿಯೇ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದ ಮಾತ್ರೆಯಿಂದಲೂ ಪಾರ್ಶ್ವವಾಯು, ಹೃದಯಾಘಾತ ಸಂಭವಿಸಬಹುದು. ಅದರ ಬದಲು ಚೀಲ ಹಿಡಿದು ಬನ್ನಿರಿ. ಮನೆಯ ಹಿರಿಯರಿಗೆ ಅಕ್ಷರ ಬಾರದಿದ್ದರೆ, ಕಣ್ಣು ಮಂಜಾಗಿದ್ದರೆ, ಅವರ ಚೀಲದ ಹೊಣೆಯನ್ನು ಮಗನೋ ಮಗಳೋ ಸೊಸೆಯೋ ವಹಿಸಿಕೊಳ್ಳಲಿ. ನಿಮ್ಮ ಎಲ್ಲ ಔಷಧಿಗಳನ್ನೂ ಒಬ್ಬರು ವೈದ್ಯರಾದರೂ ಒಟ್ಟಿಗೆ ನೋಡಿರಬೇಕು.