ವಿದ್ಯುಜ್ಜಾಲದ ಕಾವಲು

2015ನೆಯ ಇಸವಿ ಡಿಸೆಂಬರ್ 23. ಯುಕ್ರೇನ್ ದೇಶದ ಪಶ್ಚಿಮ ಭಾಗದಲ್ಲಿರುವ ಇವಾನೊ-ಫ್ರಾಂಕಿವ್‌ಸ್ಕ್ ಎಂಬ ನಗರದಲ್ಲಿ ಚಳಿಗಾಲದ ಹೊತ್ತು ಇಳಿಯುತ್ತಿತ್ತು. ಅಲ್ಲಿನ ವಿದ್ಯುತ್ ವಿತರಣಾ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ ನೌಕರನೊಬ್ಬನು ಗಣಕಯಂತ್ರದ ಮುಂದೆ ಕುಳಿತಿದ್ದನು. ಇದ್ದಕ್ಕಿದ್ದಂತೆ ತೆರೆಯ ಮೇಲಿನ ಬಾಣದ ಗುರುತು ತನ್ನಷ್ಟಕ್ಕೆ ತಾನೇ ಚಲಿಸತೊಡಗಿತು. ಅದು ಉಪಕೇಂದ್ರವೊಂದರ ಸ್ವಿಚ್ಚಿನ ಚಿತ್ರದ ಬಳಿ ಸಾರಿ ಅದನ್ನು ಒತ್ತಿತು. ಆ ಉಪಕೇಂದ್ರದಿಂದ ಹೊರಡುತ್ತಿದ್ದ ವಿದ್ಯುತ್ತು ನಿಂತುಹೋಯಿತು. ಅವನು ಮೌಸನ್ನು ಹಿಡಿದು ಎಳೆದಾಡಿದರೂ ಫಲವಾಗಲಿಲ್ಲ. ಯಾರೋ ಅಜ್ಞಾತರು ಅವನನ್ನು ಅವನ ಯಂತ್ರದಿಂದಲೇ ಹೊರದೂಡಿ, ಗುಪ್ತಪದವನ್ನೂ ಬದಲಾಯಿಸಿಬಿಟ್ಟಿದ್ದರು. ಅಂದು ಮೂರು ವಿತರಣಾ ಸಂಸ್ಥೆಗಳ ಸುಮಾರು 30 ಉಪಕೇಂದ್ರಗಳು ಸ್ತಬ್ಧವಾಗಿ, ಸುಮಾರು 2,25,000 ಗ್ರಾಹಕರು ವಿದ್ಯುತ್ತನ್ನು ಕಳೆದುಕೊಂಡರು.

ಹಿಂದೆ ಪ್ರತಿ ಉಪಕೇಂದ್ರದಲ್ಲಿಯೂ ಕೆಲಸಗಾರರಿದ್ದು ಸ್ವಿಚ್ಚುಗಳನ್ನು ಕೈಯಿಂದಲೇ ಹಾಕಿ ತೆಗೆಯುತ್ತಿದ್ದರು. ಈಗ ಒಂದೇ ಕೊಠಡಿಯಲ್ಲಿ ಕುಳಿತು ದೂರದ ಹತ್ತಾರು ಉಪಕೇಂದ್ರಗಳನ್ನು ನಡೆಸಬಹುದು. ಆದರೆ ಇಲ್ಲಿ ಕುಳಿತವನಿಗೆ ಸಾಧ್ಯವಾದದ್ದು, ಕಳ್ಳದಾರಿಯಿಂದ ಒಳಹೊಕ್ಕವನಿಗೂ ಸಾಧ್ಯ.

ಆ ಕಳ್ಳದಾರಿ ಯಾವುದು? ತಿಂಗಳುಗಳ ಹಿಂದೆಯೇ ಸಂಸ್ಥೆಯ ಕಚೇರಿಗೆ ಇ-ಮೇಲ್ ಮೂಲಕ ಪತ್ರಗಳು ಬಂದಿದ್ದವು. ಅವುಗಳೊಡನಿದ್ದ ಕಡತವನ್ನು ತೆರೆದು, ಅದು ಕೇಳಿದ ಅನುಮತಿಯನ್ನು ಕೊಟ್ಟೊಡನೆ ‘ಬ್ಲ್ಯಾಕ್ ಎನರ್ಜಿ’ ಎಂಬ ದುಷ್ಟ ತಂತ್ರಾಂಶವು ಯಂತ್ರದೊಳಗೆ ನೆಲೆಯೂರಿತು. ದಾಳಿಕಾರರು ಆತುರಪಡಲಿಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಒಳಗೆ ಅವಿತಿದ್ದು ನೌಕರರ ಗುಪ್ತಪದಗಳನ್ನು ಕದ್ದರು; ಯಾವ ಯಂತ್ರವು ಯಾವುದಕ್ಕೆ ಆಜ್ಞೆ ಕೊಡುತ್ತದೆಂಬುದನ್ನು ಅರಿತರು. ದಾಳಿಯ ದಿನ ಗ್ರಾಹಕರು ದೂರು ಹೇಳಲಾಗದಂತೆ ದೂರವಾಣಿ ಕೇಂದ್ರಕ್ಕೆ ಹುಸಿ ಕರೆಗಳ ಮಳೆಗರೆದರು. ಉಪಕೇಂದ್ರಗಳಿಗೆ ಆಜ್ಞೆಯನ್ನು ಮುಟ್ಟಿಸುವ ಉಪಕರಣಗಳನ್ನು ಕೆಡಿಸಿದರು. 2020ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯು ರಷ್ಯದ ಸೇನಾ ಬೇಹುಗಾರಿಕೆಯ ಆರು ಮಂದಿ ಅಧಿಕಾರಿಗಳ ಮೇಲೆ ಹೊರಿಸಿದ ಆರೋಪಗಳಲ್ಲಿ ಈ ಕೃತ್ಯವೂ ಸೇರಿತ್ತು.

ಇಷ್ಟೆಲ್ಲ ಸಿದ್ಧತೆಯಿಂದ ನಡೆದ ದಾಳಿಯಾದರೂ ಕತ್ತಲೆ ಉಳಿದದ್ದು ಒಂದರಿಂದ ಆರು ಗಂಟೆಗಳ ಕಾಲ ಮಾತ್ರ. ಇದು ಹೇಗೆ ಸಾಧ್ಯವಾಯಿತು? ಸಿಬ್ಬಂದಿಯು ಗಣಕಯಂತ್ರಗಳ ಆಸೆಯನ್ನು ಬಿಟ್ಟು, ವಾಹನಗಳನ್ನೇರಿ ಉಪಕೇಂದ್ರಗಳಿಗೆ ಧಾವಿಸಿ, ಸ್ವಿಚ್ಚುಗಳನ್ನು ಕೈಯಿಂದಲೇ ಹಾಕಿದರು. ಹಳೆಯ ಕಾಲದ ಆ ಏರ್ಪಾಡನ್ನು ಅಲ್ಲಿ ಕಿತ್ತುಹಾಕಿರಲಿಲ್ಲ. ಅದನ್ನು ಬಳಸಬಲ್ಲವರೂ ಇದ್ದರು. ನಿಯಂತ್ರಣ ಕೇಂದ್ರಗಳು ಮಾತ್ರ ಎರಡು ತಿಂಗಳು ಕಳೆದರೂ ಪೂರ್ಣವಾಗಿ ಸರಿಹೋಗಿರಲಿಲ್ಲ.

ಪೆಟ್ಟು ಬಿದ್ದಾಗಲೂ ಕೆಲಸವನ್ನು ಹೇಗಾದರೂ ನಡೆಸಿ ಬೇಗನೆ ಚೇತರಿಸಿಕೊಳ್ಳುವ ಈ ಗುಣವನ್ನು ತಾಳಿಕೆಯ ಶಕ್ತಿ ಎನ್ನಬಹುದು. ವಿದ್ಯುತ್ತು, ಕುಡಿಯುವ ನೀರು, ರೈಲು, ಆಸ್ಪತ್ರೆ ಇವುಗಳ ರಕ್ಷಣೆಯನ್ನು ಕುರಿತ ಉನ್ನತ ವ್ಯಾಸಂಗದಲ್ಲಿ ಬಾಗಿಲು ಭದ್ರಪಡಿಸುವ ವಿದ್ಯೆಯೊಡನೆ ಇದಕ್ಕೂ ಸ್ಥಾನವುಂಟು. ಈ ವ್ಯಾಸಂಗ ಸುಲಭವಲ್ಲ. ಗಣಕ ಶಾಸ್ತ್ರಜ್ಞನು ದೋಷ ಕಂಡೊಡನೆ ಯಂತ್ರವನ್ನು ನಿಲ್ಲಿಸಿ ತಿದ್ದಬಯಸುತ್ತಾನೆ. ವಿದ್ಯುತ್ ಎಂಜಿನಿಯರಿಗೆ ನಿಲ್ಲಿಸುವುದೇ ದೊಡ್ಡ ಅನರ್ಥ. ಶಸ್ತ್ರಚಿಕಿತ್ಸೆ ನಡೆಯುತ್ತಿರುವ ಆಸ್ಪತ್ರೆಗೆ ‘ಒಂದು ಗಳಿಗೆ ತಾಳಿ’ ಎನ್ನಲಾದೀತೇ? ಆದ್ದರಿಂದ ಇಬ್ಬರೂ ಪರಸ್ಪರರ ಶಾಸ್ತ್ರವನ್ನು ಕಲಿಯಬೇಕಾಗುತ್ತದೆ.

ನಮ್ಮ ದೇಶದಲ್ಲಿ ಕಾನಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಇಂಥ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ನಡೆಸುತ್ತಿದೆ. ದಕ್ಷಿಣ ಭಾರತದ ವಿದ್ಯುತ್ ಪ್ರವಾಹವನ್ನು ಹಗಲಿರುಳೂ ಸಮತೋಲಗೊಳಿಸುವ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ನಿಜವಾದ ಜಾಲದ ಮೇಲೆ ಪ್ರಯೋಗ ಮಾಡುವಂತಿಲ್ಲವಾದುದರಿಂದ ಸಂಶೋಧಕರು ಪ್ರಯೋಗಾಲಯದಲ್ಲಿ ಅದರ ಮಾದರಿಯನ್ನು ಕಟ್ಟುತ್ತಾರೆ. ತಾವೇ ಅದರ ಮೇಲೆ ದಾಳಿ ಮಾಡಿ, ದೀಪಗಳನ್ನು ಆರಿಸಿ, ಮತ್ತೆ ಬೆಳಕು ಬರಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡುತ್ತಾರೆ.